ನೀರಿನ ದಾರಿ ಮೊದಲು, ನಿವೇಶನ ಆನಂತರ: ಬೆಳೆಯುತ್ತಿರುವ ಗ್ರಾಮಗಳಲ್ಲಿ ಭೂಬಳಕೆ ಯೋಜನೆ

ರಾಯಚೂರು ಜಿಲ್ಲೆಯ ಹಲವು ಊರುಗಳ ಹೆಸರು ‘ದಿನ್ನಿ’ ಎಂಬ ಪದದಿಂದ ಮುಗಿಯುತ್ತದೆ. ವಳಕಮದಿನ್ನಿ, ಮಾರಲದಿನ್ನಿ ಆ ಬಗೆಯ ಹೆಸರುಗಳು. ದಿನ್ನಿ ಎಂದರೆ ಸುತ್ತಲಿನ ನೆಲಕ್ಕಿಂತ ಎತ್ತರವಾದ ದಿಬ್ಬ. ನೀರು ನಿಲ್ಲದ ಎತ್ತರದಲ್ಲಿ ಮನೆಗಳು, ತಗ್ಗಿನ ಎರೆಹೊಲದಲ್ಲಿ ಬೆಳೆ, ಮಳೆನೀರು ಹಳ್ಳ ಸೇರಲು ನಡುವೆ ಬಿಟ್ಟ ದಾರಿ, ಹೀಗೆ ನೆಲದ ಗುಣ ನೋಡಿ ಊರು ಕಟ್ಟುವ ತಿಳಿವಳಿಕೆಯನ್ನು ಈ ಹೆಸರುಗಳೇ ಸೂಚಿಸುತ್ತವೆ. ಭೂಬಳಕೆ ಯೋಜನೆ ಎಂಬ ಇಂದಿನ ಪಾರಿಭಾಷಿಕ ಪದದ ಅರ್ಥವೂ ಇದೇ ಆಗಿದೆ. ಯಾವ ನೆಲ ಯಾವುದಕ್ಕೆ ಯೋಗ್ಯವೆಂಬುದನ್ನು ಮುಂಚಿತವಾಗಿ ನಿರ್ಧರಿಸಿ, ಆ ನಿರ್ಧಾರವನ್ನು ನಕಾಶೆಯ ಮೇಲೆ ಗುರುತಿಸಿ, ಅದರಂತೆ ನಡೆಯುವುದೇ ಭೂಬಳಕೆ ಯೋಜನೆ.

ಕಳೆದ ಕೆಲವು ದಶಕಗಳಲ್ಲಿ ಊರುಗಳು ದಿನ್ನಿಯನ್ನು ಬಿಟ್ಟು ಕೆಳಗಿಳಿದಿವೆ. ಗ್ರಾಮಠಾಣಾ ತುಂಬಿದ ಮೇಲೆ ಮನೆಗಳು ರಸ್ತೆಯ ಬದಿಗೆ, ಕಾಲುವೆಯ ಏರಿಗೆ, ಹಳ್ಳದ ದಂಡೆಗೆ ಬಂದು ನಿಂತಿವೆ. ಹೀಗೆ ಬೆಳೆದ ಭಾಗಗಳಿಗೆ ಕುಡಿಯುವ ನೀರು, ಚರಂಡಿ, ರಸ್ತೆ, ಬೀದಿದೀಪ ಒದಗಿಸುವ ಹೊಣೆ ಗ್ರಾಮ ಪಂಚಾಯತಿಯ ಮೇಲೆ ಬೀಳುತ್ತದೆ. ಮನೆ ಮೊದಲು, ನಕಾಶೆ ಆನಂತರ ಎಂಬ ಈ ತಿರುವುಮುರುವು ಕ್ರಮವೇ ಬೆಳೆಯುತ್ತಿರುವ ಗ್ರಾಮಗಳ ಬಹುಪಾಲು ಸಮಸ್ಯೆಗಳ ಮೂಲವಾಗಿದೆ. ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳ ಗ್ರಾಮಗಳನ್ನು ಮುಂದಿಟ್ಟುಕೊಂಡು ಈ ಸಮಸ್ಯೆಯ ಸ್ವರೂಪ, ಕಾನೂನಿನ ಅವಕಾಶ ಮತ್ತು ಗ್ರಾಮ ಪಂಚಾಯತಿಗಳು ಕೈಗೊಳ್ಳಬಹುದಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಬೆಳವಣಿಗೆಯ ಕಾರಣಗಳು

2001ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಜನಸಂಖ್ಯೆ ಸುಮಾರು 16.7 ಲಕ್ಷವಿತ್ತು. 2011ರಲ್ಲಿ ಅದು 19.28 ಲಕ್ಷಕ್ಕೆ ಏರಿತು. ಜಿಲ್ಲೆಯ ನಾಲ್ವರಲ್ಲಿ ಮೂವರು ಗ್ರಾಮವಾಸಿಗಳು. ಆದ್ದರಿಂದ ಹೆಚ್ಚುವರಿ ಕುಟುಂಬಗಳಿಗೆ ಬೇಕಾದ ಮನೆಗಳ ಬಹುಭಾಗ ಗ್ರಾಮಗಳ ಎಲ್ಲೆಯಲ್ಲಿಯೇ ಏಳಬೇಕಾಗಿದೆ.

ಈ ಸೀಮೆಯ ಬೆಳವಣಿಗೆಗೆ ನೀರೇ ಮೊದಲ ಕಾರಣ. 1945ರಲ್ಲಿ ಆರಂಭವಾಗಿ 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯು ಸಿಂಧನೂರು ಭಾಗದ ಜೋಳ, ಹತ್ತಿಯ ಎರೆಭೂಮಿಯನ್ನು ಭತ್ತದ ಗದ್ದೆಯನ್ನಾಗಿ ಮಾರ್ಪಡಿಸಿತು. ಕಾಲುವೆಯ ಹಿಂದೆಯೇ ಆಂಧ್ರದಿಂದ ಬಂದ ರೈತ ಕುಟುಂಬಗಳ ಕ್ಯಾಂಪ್‌ಗಳು ನೆಲೆಗೊಂಡವು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಸಿಂಧನೂರು ತಾಲೂಕಿನಲ್ಲಿ ಪುನರ್ವಸತಿ ಕ್ಯಾಂಪ್‌ಗಳು ರೂಪುಗೊಂಡವು. ಭತ್ತದ ಜೊತೆಯಲ್ಲಿ ಅಕ್ಕಿ ಗಿರಣಿಗಳು, ಗೋದಾಮುಗಳು, ಯಂತ್ರೋಪಕರಣಗಳ ಅಂಗಡಿಗಳು ಬಂದವು. ಲಿಂಗಸುಗೂರು ಭಾಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದಾಗಲೂ ನೆಲದ ಬೆಲೆ ಮತ್ತು ಬಳಕೆ ಇದೇ ರೀತಿ ಬದಲಾದವು.

ಸಂಪರ್ಕ ಮತ್ತು ಆಡಳಿತ ಎರಡನೆಯ ಕಾರಣ. ಲಿಂಗಸುಗೂರು, ಮಸ್ಕಿ ಮತ್ತು ಸಿಂಧನೂರನ್ನು ಪೋಣಿಸಿಕೊಂಡು ಬಳ್ಳಾರಿಯ ಕಡೆಗೆ ಸಾಗುವ ರಸ್ತೆ ಇಂದು ರಾಷ್ಟ್ರೀಯ ಹೆದ್ದಾರಿ 150ಎ ಆಗಿದೆ. ಮಸ್ಕಿ ಪ್ರತ್ಯೇಕ ತಾಲೂಕು ಕೇಂದ್ರವಾಗಿದೆ. ಗಿಣಿಗೇರಾ–ಮಹಬೂಬನಗರ ರೈಲು ಮಾರ್ಗದ ಕಾಮಗಾರಿ ಮುಂದುವರಿದು 2024ರಲ್ಲಿ ಸಿಂಧನೂರಿಗೆ ರೈಲು ತಲುಪಿತು. ಕಚೇರಿ, ಕಾಲೇಜು, ಆಸ್ಪತ್ರೆ, ನಿಲ್ದಾಣಗಳು ಬಂದಲ್ಲಿ ಸುತ್ತಲಿನ ಹತ್ತಾರು ಕಿಲೋಮೀಟರ್‌ವರೆಗಿನ ಹೊಲಗಳಿಗೆ ನಿವೇಶನದ ಬೆಲೆ ಬರುತ್ತದೆ. ಪಟ್ಟಣದ ಎಲ್ಲೆ ಅಲ್ಲಿಯೇ ಇದ್ದರೂ ಪಟ್ಟಣದ ಬೆಳವಣಿಗೆ ನೆರೆಯ ಗ್ರಾಮ ಪಂಚಾಯತಿಯ ವ್ಯಾಪ್ತಿಗೆ ಕಾಲಿಡುತ್ತದೆ.

ಒಂದು ಎಕರೆಯ ಲೆಕ್ಕ

ಯೋಜನೆಯಿಲ್ಲದ ಬಡಾವಣೆ ಏಕೆ ಲಾಭದಾಯಕವಾಗಿ ಕಾಣುತ್ತದೆ, ಅದರ ನಷ್ಟ ಯಾರ ಪಾಲಿಗೆ ಹೋಗುತ್ತದೆ ಎಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ಎಕರೆ ಎಂದರೆ 43,560 ಚದರ ಅಡಿ. 30×40 ಅಡಿ ಅಳತೆಯ ನಿವೇಶನಕ್ಕೆ 1,200 ಚದರ ಅಡಿ ಬೇಕು. ರಸ್ತೆ, ಚರಂಡಿ ಯಾವುದಕ್ಕೂ ಜಾಗ ಬಿಡದೆ ಹಂಚಿದರೆ ಕಾಗದದ ಮೇಲೆ 36 ನಿವೇಶನಗಳು ದೊರೆಯುತ್ತವೆ. ರಸ್ತೆ, ಚರಂಡಿ, ಉದ್ಯಾನ, ಅಂಗನವಾಡಿ, ನೀರಿನ ತೊಟ್ಟಿ ಮುಂತಾದ ಸಾರ್ವಜನಿಕ ಬಳಕೆಗೆಂದು ಶೇ. 45ರಷ್ಟು ನೆಲ ಬಿಟ್ಟರೆ ಉಳಿಯುವುದು ಸುಮಾರು 23,950 ಚದರ ಅಡಿ, ಅಂದರೆ 19 ನಿವೇಶನ. ಎರಡರ ನಡುವಿನ ವ್ಯತ್ಯಾಸ 17 ನಿವೇಶನ.

ಇಕ್ಕಟ್ಟಾದ ಓಣಿಯನ್ನಷ್ಟೇ ಬಿಟ್ಟು ಮಾರುವವರು ಈ 17ರ ದೊಡ್ಡ ಪಾಲನ್ನು ಹಣವನ್ನಾಗಿ ಮಾಡಿಕೊಳ್ಳುತ್ತಾರೆ. ಆದರೆ ಆ ನೆಲದ ಅಗತ್ಯ ಮಾಯವಾಗುವುದಿಲ್ಲ. ಕೆಲವು ವರ್ಷಗಳ ನಂತರ ಅದೇ ಓಣಿಯ ನಿವಾಸಿಗಳು ಚರಂಡಿ ಕೇಳುತ್ತಾರೆ, ಅಂಗನವಾಡಿ ಕೇಳುತ್ತಾರೆ, ಆಂಬುಲೆನ್ಸ್ ಬರುವಷ್ಟು ರಸ್ತೆ ಕೇಳುತ್ತಾರೆ. ಭತ್ತ ಕಟಾವು ಮಾಡುವ ಯಂತ್ರದ ಮುಂಭಾಗದ ಅಗಲವೇ ಸಾಮಾನ್ಯವಾಗಿ 12ರಿಂದ 14 ಅಡಿ ಇರುತ್ತದೆ. 12 ಅಡಿಯ ಓಣಿಯ ಆಚೆ ಇರುವ ಹೊಲಕ್ಕೆ ಅದು ತಲುಪಲಾರದು. ಆಗ ಖರೀದಿಸಲು ನೆಲವಿರುವುದಿಲ್ಲ, ಇದ್ದರೂ ಅದರ ಬೆಲೆ ಪಂಚಾಯತಿಯ ಶಕ್ತಿಯನ್ನು ಮೀರಿರುತ್ತದೆ. ನೆಲ ಮಾರಿದವರು ಬಿಡದೆ ಉಳಿಸಿಕೊಂಡ ಜಾಗದ ಬೆಲೆಯನ್ನು ಕೊನೆಗೆ ಮನೆ ಕಟ್ಟಿಕೊಂಡ ಕುಟುಂಬಗಳೂ ಗ್ರಾಮ ಪಂಚಾಯತಿಯೂ ಭರಿಸುತ್ತವೆ.

ಗ್ರಾಮ ಪಂಚಾಯತಿಯ ಕೈಯಲ್ಲಿರುವ ಹಣವೂ ಸೀಮಿತ. 15ನೇ ಹಣಕಾಸು ಆಯೋಗವು 2021–26ರ ಅವಧಿಗೆ ನಿಗದಿಪಡಿಸಿದ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಯಿತು. ಹೀಗಿರುವಾಗ ಖಾಸಗಿ ಬಡಾವಣೆಯಲ್ಲಿ ಬಿಟ್ಟುಹೋದ ರಸ್ತೆ, ಚರಂಡಿಗಳನ್ನು ಸರಿಪಡಿಸಲು ಹಣ ಹೊಂದಿಸಬೇಕಾದರೆ ಬೇರೆಲ್ಲಿಯೋ ಒಂದು ಅಗತ್ಯ ಕೆಲಸ ನಿಲ್ಲುತ್ತದೆ.

ಎರೆಭೂಮಿಯ ಸ್ವಭಾವ

ಮಸಾರಿ ನೆಲಕ್ಕೆ ಹೊಂದುವ ನಿಯಮವೆಲ್ಲ ಎರೆಭೂಮಿಗೆ ಹೊಂದುವುದಿಲ್ಲ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಇದರ ಮೇಲೆ ಆಳವಿಲ್ಲದ ತಳಪಾಯ ಹಾಕಿದ ಮನೆಯ ಗೋಡೆಗಳು ಕೆಲವೇ ವರ್ಷಗಳಲ್ಲಿ ಸೀಳುತ್ತವೆ. ಬಿರುಕಿನ ಆಳವನ್ನು ದಾಟುವವರೆಗೆ ಅಗೆದು, ಎರೆಮಣ್ಣನ್ನು ತೆಗೆದು ಗರಸು ತುಂಬಿ, ತಳಪಾಯದ ಮೇಲೆ ಕಾಂಕ್ರೀಟ್ ಪಟ್ಟಿ ಹಾಕುವುದು ಅಗತ್ಯ. ಇದು ವೆಚ್ಚವನ್ನು ಹೆಚ್ಚಿಸುತ್ತದೆ. ಆದ್ದರಿಂದ ಬಡಕುಟುಂಬಗಳಿಗೆ ವಸತಿ ಯೋಜನೆಯಡಿ ನಿವೇಶನ ಗುರುತಿಸುವಾಗ ನೆಲ ಉಚಿತವೇ ಎಂಬುದರ ಜೊತೆಗೆ ಅದರ ಮೇಲೆ ಮನೆ ನಿಲ್ಲಿಸಲು ಎಷ್ಟು ಖರ್ಚಾದೀತು ಎಂಬುದನ್ನೂ ನೋಡಬೇಕು. ತಗ್ಗಿನ ಎರೆಯಲ್ಲಿ ಕೊಟ್ಟ ಉಚಿತ ನಿವೇಶನ ಫಲಾನುಭವಿಗೆ ದುಬಾರಿಯಾಗಬಹುದು.

ಎರಡನೆಯದು ಬಳಸಿದ ನೀರಿನ ಪ್ರಶ್ನೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರಿನ ಗುರಿ ಇಟ್ಟುಕೊಂಡಿದೆ. 200 ಮನೆಗಳ ಹೊಸ ಓಣಿಯಲ್ಲಿ ಮನೆಗೆ ಐವರಂತೆ 1,000 ಜನರಿದ್ದರೆ ದಿನಕ್ಕೆ 55,000 ಲೀಟರ್ ನೀರು ಬರುತ್ತದೆ. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ. 80ರಷ್ಟು ಬಳಸಿದ ನೀರಾಗಿ ಹೊರಬೀಳುತ್ತದೆ ಎಂಬುದು ಇಂಜಿನಿಯರಿಂಗ್ ಲೆಕ್ಕದಲ್ಲಿ ರೂಢಿಯಲ್ಲಿರುವ ಪ್ರಮಾಣ. ಅಂದರೆ ದಿನವೂ 44,000 ಲೀಟರ್, 5,000 ಲೀಟರಿನ ಸುಮಾರು ಒಂಬತ್ತು ಟ್ಯಾಂಕರ್‌ಗಳಷ್ಟು ನೀರು, ಎಲ್ಲಿಗಾದರೂ ಹೋಗಲೇಬೇಕು. ಮಸಾರಿ ನೆಲದಲ್ಲಿ ಬಚ್ಚಲುಗುಂಡಿ ಇದನ್ನು ಇಂಗಿಸಿಕೊಳ್ಳುತ್ತದೆ. ಎರೆಮಣ್ಣಿನಲ್ಲಿ, ಅದರಲ್ಲಿಯೂ ಸುತ್ತ ಭತ್ತದ ಗದ್ದೆಗಳಿದ್ದು ಅಂತರ್ಜಲ ಮೇಲಕ್ಕೆ ಬಂದಿರುವಲ್ಲಿ, ಗುಂಡಿ ಬೇಗ ತುಂಬಿ ಉಕ್ಕುತ್ತದೆ. ಅಲ್ಲಿ ಇಳಿಜಾರಿನ ಚರಂಡಿಯೇ ಗತಿ. ನೂರು ಅಡಿಗೆ ಅರ್ಧ ಅಡಿಯಷ್ಟಾದರೂ ಇಳುಕಲು ಸಿಗಬೇಕಾದರೆ ಮನೆಗಳ ಪಾಯ ಹಾಕುವ ಮೊದಲೇ ನೆಲದ ಮಟ್ಟ ಅಳೆದಿರಬೇಕು. ಇಲ್ಲವಾದರೆ ರಸ್ತೆಯ ಮೇಲೆ ರಸ್ತೆ ಹಾಕುತ್ತ ಹೋದಂತೆ ಮನೆಯ ಹೊಸ್ತಿಲು ರಸ್ತೆಗಿಂತ ಕೆಳಗಾಗಿ, ಮಳೆಗಾಲದಲ್ಲಿ ಚರಂಡಿಯ ನೀರು ಮನೆಯೊಳಗೆ ಬರುತ್ತದೆ.

ಇದೇ ನೀರು ಕುಡಿಯುವ ನೀರಿನ ಕೆರೆಯ ಕಡೆಗೆ ಹರಿದರೆ ಅಪಾಯ ಇನ್ನೂ ದೊಡ್ಡದು. ಕಾಲುವೆ ಬಂದ್ ಆಗುವ ಬೇಸಿಗೆಯ ತಿಂಗಳುಗಳಿಗಾಗಿ ಈ ಭಾಗದ ಅನೇಕ ಗ್ರಾಮಗಳು ಕಾಲುವೆ ನೀರನ್ನು ಕೆರೆಗಳಲ್ಲಿ ತುಂಬಿಸಿಕೊಳ್ಳುತ್ತವೆ. ಅಂತರ್ಜಲದಲ್ಲಿ ಫ್ಲೋರೈಡ್ ಇರುವ ಊರುಗಳಿಗೆ ಈ ಕೆರೆಯೇ ಆಧಾರ. ಕೆರೆಯ ಮೇಲ್ಭಾಗದ ಇಳಿಜಾರಿನಲ್ಲಿ ಹೊಸ ಮನೆ, ಶೌಚಗುಂಡಿ, ತಿಪ್ಪೆಗುಂಡಿಗಳು ಬರದಂತೆ ಕಾಯ್ದುಕೊಳ್ಳುವುದು ಆ ಊರಿನ ಆರೋಗ್ಯದ ಮೊದಲ ಷರತ್ತು.

ಹೊಲಗಾಲುವೆ ಮುಚ್ಚಿದರೆ ಕೊನೆಯ ರೈತನಿಗೆ ನೀರಿಲ್ಲ

ನೀರಾವರಿ ಪ್ರದೇಶದಲ್ಲಿ ಒಂದು ಹೊಲ ನಿವೇಶನವಾದಾಗ ಅದರ ಪರಿಣಾಮ ಆ ಹೊಲದ ಸೀಮೆಗೆ ನಿಲ್ಲುವುದಿಲ್ಲ. ಕಾಲುವೆಯ ತೂಬಿನಿಂದ ಹೊರಟ ನೀರು ಹೊಲಗಾಲುವೆಯ ಮೂಲಕ ಒಬ್ಬರ ಹೊಲದಿಂದ ಮತ್ತೊಬ್ಬರ ಹೊಲಕ್ಕೆ ಸಾಗುತ್ತದೆ. ನಡುವಿನ ಹೊಲವನ್ನು ನಿವೇಶನ ಮಾಡಿದವರು ಆ ಕಾಲುವೆಗೆ ಮಣ್ಣು ತುಂಬಿದರೆ ಆಚೆಯ ಹೊಲಗಳು ಒಣಗುತ್ತವೆ. ಹಾಗೆಯೇ ಗದ್ದೆಯ ಹೆಚ್ಚುವರಿ ನೀರನ್ನು ಹಳ್ಳಕ್ಕೆ ಒಯ್ಯುವ ಬಸಿಗಾಲುವೆಯನ್ನು ಮುಚ್ಚಿದರೆ ಮೇಲಿನ ಹೊಲಗಳಲ್ಲಿ ನೀರು ನಿಂತು ಸವಳು-ಜವಳಾಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು-ಜವಳು ಹಳೆಯ ವ್ಯಾಧಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಅದರ ಪರಿಹಾರಕ್ಕಾಗಿಯೇ ಸಂಶೋಧನೆ ನಡೆಸುತ್ತ ಬಂದಿದೆ.

ಅಚ್ಚುಕಟ್ಟಿನ ಕೊನೆ ಭಾಗದ ರೈತರಿಗೆ ನೀರು ತಲುಪದಿರುವುದು ಈ ಸೀಮೆಯ ಬಹುಕಾಲದ ಕೊರಗು. ಹೂಳಿನಿಂದಾಗಿ ತುಂಗಭದ್ರಾ ಜಲಾಶಯದ ಸಂಗ್ರಹ ಸಾಮರ್ಥ್ಯ ಮೂಲದ 133 ಟಿಎಂಸಿ ಅಡಿಯಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಆತಂಕಕ್ಕೆ ಒಳಗಾಯಿತು. ಜಲಾಶಯದಲ್ಲಿ ನೀರು ಕಡಿಮೆಯಾದಷ್ಟೂ ದಾರಿಯಲ್ಲಿ ನಷ್ಟವಾಗದಂತೆ ನೋಡಿಕೊಳ್ಳುವ ಅಗತ್ಯ ಹೆಚ್ಚುತ್ತದೆ. ಜಲಾಶಯದ ಹೂಳು ಗ್ರಾಮ ಪಂಚಾಯತಿಯ ಕೈಯಲ್ಲಿಲ್ಲ. ತನ್ನ ಎಲ್ಲೆಯ ಹೊಲಗಾಲುವೆಯ ಮೇಲೆ ಮನೆ ಏಳದಂತೆ ತಡೆಯುವುದು ಅದರ ಕೈಯಲ್ಲಿದೆ.

ಅಧಿಕಾರ ಯಾರಲ್ಲಿ ಎಷ್ಟು

ಭೂಬಳಕೆಯ ಅಧಿಕಾರ ಹಲವು ಕಚೇರಿಗಳಲ್ಲಿ ಹಂಚಿಹೋಗಿದೆ. ಸಂವಿಧಾನದ 12ನೇ ಅನುಸೂಚಿಯು ನಗರ ಸ್ಥಳೀಯ ಸಂಸ್ಥೆಗಳಿಗೆ ಸೂಚಿಸಿದ ವಿಷಯಗಳಲ್ಲಿ ಪಟ್ಟಣ ಯೋಜನೆ ಹಾಗೂ ಭೂಬಳಕೆ ಮತ್ತು ಕಟ್ಟಡ ನಿರ್ಮಾಣದ ನಿಯಂತ್ರಣವನ್ನು ಸ್ಪಷ್ಟವಾಗಿ ಹೆಸರಿಸಿದೆ. ಪಂಚಾಯತಿಗಳಿಗೆ ಸಂಬಂಧಿಸಿದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಭೂ ಅಭಿವೃದ್ಧಿ, ಭೂಸುಧಾರಣೆ, ಮಣ್ಣಿನ ಸಂರಕ್ಷಣೆ, ಗ್ರಾಮೀಣ ವಸತಿ, ಕುಡಿಯುವ ನೀರು, ರಸ್ತೆ ಎಲ್ಲವೂ ಇವೆ, ಆದರೆ ಭೂಬಳಕೆ ನಿಯಂತ್ರಣ ಎಂಬ ಪದ ಇಲ್ಲ. ಪಟ್ಟಣದ ಒತ್ತಡ ಗ್ರಾಮಕ್ಕೆ ಬಂದಿದೆ, ಪಟ್ಟಣದ ಉಪಕರಣಗಳು ಅದರ ಜೊತೆಯಲ್ಲಿ ಬಂದಿಲ್ಲ.

ಕರ್ನಾಟಕದಲ್ಲಿ ಕೃಷಿ ಭೂಮಿಯನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಲು ಭೂ ಕಂದಾಯ ಅಧಿನಿಯಮ, 1964ರ ಪ್ರಕರಣ 95ರಡಿ ಜಿಲ್ಲಾಧಿಕಾರಿಗಳಿಂದ ಭೂ ಪರಿವರ್ತನೆ ಆಗಬೇಕು. ಬಡಾವಣೆಯ ವಿನ್ಯಾಸಕ್ಕೆ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರಡಿ ಅನುಮೋದನೆ ಬೇಕು. ಅದಾದ ಮೇಲೆ ಮನೆ ಕಟ್ಟಲು ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 64ರಡಿ ಗ್ರಾಮ ಪಂಚಾಯತಿಯ ಲಿಖಿತ ಅನುಮತಿ ಅಗತ್ಯ. ಸಾರ್ವಜನಿಕ ರಸ್ತೆ ಹಾಗೂ ಖಾಲಿ ಜಾಗದ ಒತ್ತುವರಿ ತೆರವಿಗೆ ಪ್ರಕರಣ 72, ಕಟ್ಟಡ ಮತ್ತು ನಿವೇಶನಗಳ ತೆರಿಗೆಗೆ ಪ್ರಕರಣ 199 ಅವಕಾಶ ನೀಡಿವೆ. ಕೃಷಿಯೇತರವೆಂದು ಕಾನೂನುಬದ್ಧವಾಗಿ ದಾಖಲಾದ ಆಸ್ತಿಗೆ ನಮೂನೆ 9 ಮತ್ತು 11ಎ, ಉಳಿದವುಗಳಿಗೆ ನಮೂನೆ 11ಬಿ ನೀಡುವ ಇ-ಸ್ವತ್ತು ವ್ಯವಸ್ಥೆ 2013ರಿಂದ ಬಂದಿದೆ.

ಇಲ್ಲಿ ಸಾರ್ವಜನಿಕರು ತಿಳಿಯಬೇಕಾದ ಒಂದು ಅಂಶವಿದೆ. ತೆರಿಗೆ ಕಟ್ಟಿದ ರಸೀದಿಯು ತೆರಿಗೆ ಕಟ್ಟಿದ್ದಕ್ಕೆ ಮಾತ್ರ ಸಾಕ್ಷಿ. ಅದು ಬಡಾವಣೆಗೆ ಅನುಮೋದನೆ ದೊರೆತಿದೆ ಎಂಬುದಕ್ಕೆ ಪುರಾವೆಯಲ್ಲ. ನಿವೇಶನ ಕೊಳ್ಳುವವರು ಪರಿವರ್ತನೆಯ ಆದೇಶ, ಅನುಮೋದಿತ ವಿನ್ಯಾಸ ನಕ್ಷೆ ಮತ್ತು ನಮೂನೆ 9ನ್ನು ನೋಡಿಯೇ ಮುಂಗಡ ಕೊಡುವುದು ಒಳಿತು. ಜೀವಮಾನದ ಉಳಿತಾಯ ಹಾಕಿ ಕೊಂಡ ನಿವೇಶನಕ್ಕೆ ಆನಂತರ ಬ್ಯಾಂಕ್ ಸಾಲವೂ ಮನೆ ಕಟ್ಟುವ ಅನುಮತಿಯೂ ಸಿಗದಿದ್ದರೆ ನಷ್ಟ ಕೊಂಡವರದ್ದೇ.

ಇವುಗಳ ಹೊರತಾಗಿ ವಿಶೇಷ ನಿರ್ಬಂಧಗಳೂ ಇವೆ. ಹೆದ್ದಾರಿಯ ಬದಿಯಲ್ಲಿ ಕಟ್ಟಡ ರೇಖೆಯನ್ನು ಬಿಟ್ಟೇ ಕಟ್ಟಬೇಕು. ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೊತ್ತ ಶಿಲಾಶಾಸನವಿರುವ ತಾಣದಂತಹ ಸಂರಕ್ಷಿತ ಸ್ಮಾರಕಗಳಿಗೆ 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮ ಅನ್ವಯಿಸುತ್ತದೆ. 2010ರ ತಿದ್ದುಪಡಿಯಂತೆ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅನುಮತಿ ನೀಡುವ ಮುನ್ನ ಗ್ರಾಮ ಪಂಚಾಯತಿ ಇಂತಹ ರೇಖೆಗಳನ್ನು ತನ್ನ ನಕಾಶೆಯಲ್ಲಿ ಹೊಂದಿರಬೇಕು.

ಎಲ್ಲರ ನೆಲ, ಯಾರದ್ದೂ ಅಲ್ಲದ ನೆಲ

ಗ್ರಾಮದ ಭವಿಷ್ಯ ನಿಂತಿರುವುದು ಸಾರ್ವಜನಿಕ ಭೂಮಿಯ ಮೇಲೆ. ಗಾಯರಾಣ, ಗೋಮಾಳ, ಹಳ್ಳ, ಬಂಡಿದಾರಿ, ಸ್ಮಶಾನ, ಕೆರೆ ಅಂಗಳ ಇವೆಲ್ಲ ಇದರಲ್ಲಿ ಸೇರುತ್ತವೆ. ಭೂ ಕಂದಾಯ ನಿಯಮಗಳು, 1966ರ ನಿಯಮ 97 ಪ್ರತಿ ನೂರು ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಗೋಮಾಳ ಇರಬೇಕೆಂದು ಹೇಳುತ್ತದೆ. ಪಹಣಿಯಲ್ಲಿ ನಮೂದಾಗುವ ಖರಾಬಿನಲ್ಲಿಯೂ ಎರಡು ಬಗೆ. ‘ಅ’ ಖರಾಬು ಸಾಗುವಳಿಗೆ ಯೋಗ್ಯವಲ್ಲದ ನೆಲ. ‘ಬ’ ಖರಾಬು ರಸ್ತೆ, ಹಳ್ಳ, ಸ್ಮಶಾನ ಮುಂತಾದ ಸಾರ್ವಜನಿಕ ಉದ್ದೇಶಕ್ಕೆ ಮೀಸಲಾದದ್ದು. ಖಾಸಗಿ ಸರ್ವೆ ನಂಬರಿನೊಳಗೆ ಇದ್ದರೂ ‘ಬ’ ಖರಾಬನ್ನು ನಿವೇಶನವಾಗಿ ಮಾರಲು ಬರುವುದಿಲ್ಲ. ಬಡಾವಣೆಗಳು ಏಳುವಾಗ ಮೊದಲು ಕಣ್ಮರೆಯಾಗುವುದು ಇದೇ ನೆಲ.

ನೀರಾವರಿಯಿಂದ ನೆಲದ ಬೆಲೆ ಏರಿದ ಗ್ರಾಮಗಳಲ್ಲಿ ಸ್ಮಶಾನಕ್ಕೆ, ಘನತ್ಯಾಜ್ಯ ಘಟಕಕ್ಕೆ, ಶಾಲೆಯ ಆಟದ ಮೈದಾನಕ್ಕೆ ಜಾಗ ಹುಡುಕುವುದು ಕಠಿಣ. ಸ್ಮಶಾನವಿಲ್ಲದ ಗ್ರಾಮಗಳಿಗೆ ಜಾಗ ಒದಗಿಸುವಂತೆ ರಾಜ್ಯ ಉಚ್ಚ ನ್ಯಾಯಾಲಯವೇ 2019ರಲ್ಲಿ ನಿರ್ದೇಶನ ನೀಡಬೇಕಾಯಿತು. ಇದರ ಪೆಟ್ಟು ಎಲ್ಲರಿಗೂ ಸಮನಾಗಿ ಬೀಳುವುದಿಲ್ಲ. ಸ್ವಂತ ಹೊಲವಿದ್ದವರು ತಮ್ಮ ಹೊಲದಲ್ಲಿ ಅಂತ್ಯಕ್ರಿಯೆ ಮಾಡುತ್ತಾರೆ. ಭೂರಹಿತರಿಗೆ ಹಳ್ಳದ ದಂಡೆಯೇ ಗತಿಯಾಗುತ್ತದೆ. ಗಾಯರಾಣ ಕರಗಿದರೆ ಕುರಿ, ಆಡು ಸಾಕಿ ಬದುಕುವ ಕುಟುಂಬ ಮೊದಲು ನಷ್ಟ ಅನುಭವಿಸುತ್ತದೆ.

ಅದೇ ವೇಳೆ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರೆಲ್ಲರೂ ಒತ್ತುವರಿದಾರರೆಂದು ತಿಳಿಯುವುದೂ ಸರಿಯಲ್ಲ. ತಲೆಮಾರುಗಳಿಂದ ನೆಲೆಸಿದ ತಾಂಡಾ, ಹಟ್ಟಿ, ದೊಡ್ಡಿ, ಕ್ಯಾಂಪ್‌ಗಳು ದಾಖಲೆಯಿಲ್ಲದ ಜನವಸತಿಗಳಾಗಿಯೇ ಉಳಿದಿದ್ದವು. ಕಾನೂನಿಗೆ ತಿದ್ದುಪಡಿ ತಂದು ಇವುಗಳನ್ನು ಕಂದಾಯ ಗ್ರಾಮಗಳನ್ನಾಗಿ ಘೋಷಿಸುವ ಕಾರ್ಯ ಕೈಗೊಳ್ಳಲಾಯಿತು. ರಾಯಚೂರು, ಕಲಬುರಗಿ, ಯಾದಗಿರಿ, ಬೀದರ್ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ಹೀಗೆ 1,475 ಜನವಸತಿಗಳನ್ನು ಗುರುತಿಸಿ, 2023ರ ಜನವರಿಯಲ್ಲಿ ಮಳಖೇಡದಲ್ಲಿ ಹಕ್ಕುಪತ್ರ ವಿತರಿಸಲಾಯಿತು. ಹಕ್ಕುಪತ್ರ ಬಂದ ಮೇಲೆ ಈ ವಸತಿಗಳೂ ಬೆಳೆಯುತ್ತವೆ. ಅವುಗಳಿಗೆ ರಸ್ತೆ ಮತ್ತು ಚರಂಡಿಯ ನಕಾಶೆ ಮಾಡಲು ಇದೇ ತಕ್ಕ ಕಾಲ.

ಅಳತೆ ಇದೆ, ಯೋಜನೆ ಬೇಕು

2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಮೂಲಕ ಗ್ರಾಮದ ಜನವಸತಿ ಪ್ರದೇಶವನ್ನು ಅಳೆದು ಆಸ್ತಿ ಪತ್ರ ನೀಡಲಾಗುತ್ತದೆ. ಗ್ರಾಮಠಾಣಾದ ಮನೆಗಳಿಗೆ ನಿಖರವಾದ ಅಳತೆ ದೊರೆಯುವುದರಿಂದ ಕುಟುಂಬದ ವ್ಯಾಜ್ಯ ಕಡಿಮೆಯಾಗುತ್ತದೆ, ಪಂಚಾಯತಿಯ ತೆರಿಗೆ ಪಟ್ಟಿ ಸರಿಯಾಗುತ್ತದೆ. ಆದರೆ ಅದು ಇಂದು ಇರುವುದನ್ನು ಮಾತ್ರ ತೋರಿಸುತ್ತದೆ. ನಾಳೆ ಊರು ಯಾವ ದಿಕ್ಕಿಗೆ ಬೆಳೆಯಬೇಕು ಎಂಬುದನ್ನು ಊರಿನವರೇ ಹೇಳಬೇಕು. ಗ್ರಾಮ ಪಂಚಾಯತಿ ಮಟ್ಟದಲ್ಲಿ ಭೂಬಳಕೆ ನಕ್ಷೆ ತಯಾರಿಸುವ ಬಗೆಯನ್ನು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು 2016ರಲ್ಲಿ ಹೊರತಂದು 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ವಿವರಿಸಿದೆ.

ನೆರೆಯ ಕೇರಳದ ಅನುಭವ ಇಲ್ಲಿ ಉಪಯುಕ್ತ. ಅಲ್ಲಿ ಭತ್ತದ ಗದ್ದೆಗಳು ಮನೆ ನಿವೇಶನಗಳಾಗಿ ಮಾಯವಾಗುತ್ತಿದ್ದುದನ್ನು ತಡೆಯಲು 2008ರಲ್ಲಿ ಭತ್ತದ ಭೂಮಿ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯಿದೆ ಬಂದಿತು. ಅದರ ಸ್ಥಳೀಯ ಮೇಲುಸ್ತುವಾರಿ ಸಮಿತಿಗೆ ಗ್ರಾಮ ಪಂಚಾಯತಿ ಅಧ್ಯಕ್ಷರೇ ಮುಖ್ಯಸ್ಥರು. ಅಂತಹ ಕಾನೂನು ನಮ್ಮಲ್ಲಿ ಇಲ್ಲದಿದ್ದರೂ ಗದ್ದೆಯ ಗತಿಯನ್ನು ಊರಿನ ಹತ್ತಿರದವರೇ ಗಮನಿಸಬೇಕು ಎಂಬ ತತ್ತ್ವ ನಮಗೂ ಸಲ್ಲುತ್ತದೆ.

ಗ್ರಾಮ ಪಂಚಾಯತಿಗಳು ಕೈಗೊಳ್ಳಬಹುದಾದ ಕ್ರಮಗಳು

ಹೊಸ ಕಾನೂನಿಗಾಗಿ ಕಾಯದೆ, ಇರುವ ಅಧಿಕಾರದಲ್ಲಿಯೇ ಈ ಕೆಳಗಿನ ಕೆಲಸಗಳನ್ನು ಆರಂಭಿಸಬಹುದು.

1. ನೆಲದ ಪಟ್ಟಿ: ಗ್ರಾಮ ಆಡಳಿತ ಅಧಿಕಾರಿ ಮತ್ತು ಭೂಮಾಪಕರ ನೆರವಿನಿಂದ ಗ್ರಾಮ ನಕಾಶೆಯಲ್ಲಿರುವ ಗಾಯರಾಣ, ‘ಬ’ ಖರಾಬು, ಬಂಡಿದಾರಿ, ಸ್ಮಶಾನ, ಕೆರೆಗಳ ಪಟ್ಟಿ ಮಾಡಿ ಪಂಚಾಯತಿಯ ಗೋಡೆಯ ಮೇಲೆ ಪ್ರಕಟಿಸುವುದು. ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪ್‌ನಲ್ಲಿ, ನಿಂತ ಜಾಗದ ಸರ್ವೆ ನಂಬರನ್ನು ಯಾರು ಬೇಕಾದರೂ ಮೊಬೈಲ್‌ನಲ್ಲಿಯೇ ನೋಡಬಹುದು.

2. ನೀರಿನ ನಕಾಶೆ: ಹಳ್ಳ, ಹೊಲಗಾಲುವೆ, ಬಸಿಗಾಲುವೆ, ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗು, ಕುಡಿಯುವ ನೀರಿನ ಕೆರೆಯ ಮೇಲ್ಭಾಗ ಇವನ್ನು ಊರಿನ ಹಿರಿಯರು, ವಾಟರ್‌ಮನ್, ನೀರು ಬಳಕೆದಾರರ ಸಂಘದ ಸದಸ್ಯರು ಮತ್ತು ನೀರಾವರಿ ಇಲಾಖೆಯ ಇಂಜಿನಿಯರ್‌ ಜೊತೆ ನಡೆದು ಗುರುತಿಸುವುದು. 2009ರ ಅಕ್ಟೋಬರ್ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಅನುಭವಿಸಿದವರಿಂದಲೇ ಕೇಳಿ ಬರೆದುಕೊಳ್ಳುವುದು.

3. ಬೆಳವಣಿಗೆಯ ದಿಕ್ಕು: ಎತ್ತರದ, ಗಟ್ಟಿ ನೆಲದ, ಅಚ್ಚುಕಟ್ಟಿಗೆ ಸೇರದ ಭಾಗವನ್ನು ಮುಂದಿನ ವಸತಿಗೆ ಸೂಚಿಸುವುದು. ಅಕ್ಕಿ ಗಿರಣಿಯಂತಹ ದೂಳು, ಬೂದಿ, ಲಾರಿ ಸಂಚಾರ ತರುವ ಘಟಕಗಳಿಗೆ ಮನೆಗಳಿಂದ ದೂರದಲ್ಲಿ, ಗಾಳಿಯ ದಿಕ್ಕು ನೋಡಿ, ಹೆದ್ದಾರಿಗೆ ಹೊಂದಿದ ಜಾಗ ಗುರುತಿಸುವುದು.

4. ಮುಂಚಿತ ಮೀಸಲು: ಸ್ಮಶಾನ, ಸ್ವಚ್ಛ ಸಂಕೀರ್ಣ, ಅಂಗನವಾಡಿ, ಶಾಲೆಯ ವಿಸ್ತರಣೆ, ಭೂರಹಿತರ ನಿವೇಶನಗಳಿಗೆ ಬೇಕಾಗುವ ಸರ್ಕಾರಿ ಜಾಗವನ್ನು ಈಗಲೇ ಗುರುತಿಸಿ, ಕಾಯ್ದಿರಿಸುವಂತೆ ತಹಶೀಲ್ದಾರರಿಗೆ ಪ್ರಸ್ತಾವನೆ ಸಲ್ಲಿಸುವುದು.

5. ಅನುಮತಿಯೊಂದಿಗೆ ಜೋಡಣೆ: ಪ್ರಕರಣ 64ರಡಿ ಬಂದ ಪ್ರತಿ ಅರ್ಜಿಯನ್ನು ಈ ನಕಾಶೆಯೊಂದಿಗೆ ಹೋಲಿಸಿ ನೋಡುವುದು. ಮನೆಯ ಪಾಯದ ಮಟ್ಟ, ರಸ್ತೆಯ ಅಗಲ, ಚರಂಡಿಯ ಜಾಗವನ್ನು ಅನುಮತಿ ಪತ್ರದಲ್ಲಿಯೇ ನಮೂದಿಸುವುದು. ಪರಿವರ್ತನೆಯಾಗದ ಹೊಲದಲ್ಲಿ ನಿವೇಶನದ ಕಲ್ಲು ನೆಟ್ಟದ್ದು ಕಂಡಾಗಲೇ ಕಂದಾಯ ಇಲಾಖೆಗೆ ಲಿಖಿತವಾಗಿ ತಿಳಿಸುವುದು. ಮನೆ ಎದ್ದ ಮೇಲೆ ಕೈಗೊಳ್ಳುವ ಕ್ರಮ ಎಲ್ಲರಿಗೂ ನೋವು ತರುತ್ತದೆ.

6. ಗ್ರಾಮಸಭೆಯ ಒಪ್ಪಿಗೆ: ನಕಾಶೆಯನ್ನು ವಾರ್ಡ್‌ಸಭೆ ಮತ್ತು ಗ್ರಾಮಸಭೆಯಲ್ಲಿ ಮಂಡಿಸಿ, ಆಕ್ಷೇಪಣೆ ಆಲಿಸಿ, ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯ ಭಾಗವಾಗಿ ಅಂಗೀಕರಿಸುವುದು. ಪರಿಶಿಷ್ಟರ ಕೇರಿ, ತಾಂಡಾ ಮತ್ತು ಕ್ಯಾಂಪ್‌ಗಳ ನಿವಾಸಿಗಳು, ವಿಶೇಷವಾಗಿ ಮಹಿಳೆಯರು, ಈ ಸಭೆಯಲ್ಲಿ ಇರುವಂತೆ ನೋಡಿಕೊಳ್ಳುವುದು.

ಎದುರಾಗುವ ಪ್ರಶ್ನೆಗಳು

ಇಂತಹ ನಕಾಶೆ ಮಾಡುವಾಗ ಭೂಮಾಲೀಕರಿಂದ ಸಹಜವಾದ ಆಕ್ಷೇಪ ಬರುತ್ತದೆ. ನೀರು ತಲುಪದ ಹೊಲ, ಏರುತ್ತಿರುವ ಸಾಲ, ಮಗಳ ಮದುವೆ, ಮಗನ ಓದು ಇವುಗಳ ನಡುವೆ ರೈತನಿಗೆ ರಸ್ತೆ ಬದಿಯ ಎರಡು ಎಕರೆಯೇ ದೊಡ್ಡ ಆಸರೆ. ಅದನ್ನು ಮಾರಬಾರದೆಂದು ಹೇಳುವ ಅಧಿಕಾರ ಪಂಚಾಯತಿಗೆ ಇಲ್ಲ, ಹಾಗೆ ಹೇಳುವುದು ನ್ಯಾಯವೂ ಅಲ್ಲ. ಮಾರುವಾಗ ನೀರಿನ ದಾರಿಯನ್ನೂ ನೆರೆಯವರ ಬಂಡಿದಾರಿಯನ್ನೂ ಉಳಿಸಿ, ಕಾನೂನಿನಂತೆ ವಿನ್ಯಾಸ ಮಾಡಿಸಿ ಮಾರಬೇಕು ಎಂಬುದಷ್ಟೇ ಬೇಡಿಕೆ. ಅನುಮೋದಿತ ಬಡಾವಣೆಯ ನಿವೇಶನಕ್ಕೆ ಬೆಲೆಯೂ ಹೆಚ್ಚು, ಬ್ಯಾಂಕ್ ಸಾಲವೂ ಸುಲಭ ಎಂಬುದನ್ನು ರೈತರಿಗೆ ಮನವರಿಕೆ ಮಾಡಿಕೊಡಬೇಕು. ಅನುಮೋದನೆಯ ದಾರಿ ದೀರ್ಘವೂ ದುಬಾರಿಯೂ ಆದಾಗ ಜನ ಅಡ್ಡದಾರಿ ಹಿಡಿಯುತ್ತಾರೆ. ಆದ್ದರಿಂದ ಅರ್ಜಿಗಳ ತ್ವರಿತ ವಿಲೇವಾರಿಯೂ ಯೋಜನೆಯ ಭಾಗವೇ ಆಗಿದೆ.

ಮತ್ತೊಂದು ಪ್ರಶ್ನೆ ಗ್ರಾಮದ ಎಲ್ಲೆಯದು. ಹಳ್ಳವು ಒಂದು ಪಂಚಾಯತಿಯಲ್ಲಿ ಹುಟ್ಟಿ ಇನ್ನೊಂದನ್ನು ದಾಟಿ ಮೂರನೆಯ ತಾಲೂಕಿಗೆ ಹೋಗುತ್ತದೆ. ಮೇಲಿನ ಊರಿನವರು ಹಳ್ಳ ಕಿರಿದಾಗಿಸಿದರೆ ಮುಳುಗುವುದು ಕೆಳಗಿನ ಊರು. ಪಟ್ಟಣದ ಕೊಳಚೆ ನೀರು ಹರಿದು ನಿಲ್ಲುವುದು ನೆರೆಯ ಗ್ರಾಮದ ಗದ್ದೆಯಲ್ಲಿ. ಸಂವಿಧಾನದ 243ಝಡ್‌ಡಿ ವಿಧಿಯಂತೆ ರಚಿತವಾಗುವ ಜಿಲ್ಲಾ ಯೋಜನಾ ಸಮಿತಿಯು ಪಂಚಾಯತಿ ಮತ್ತು ಪಟ್ಟಣಗಳ ಯೋಜನೆಗಳನ್ನು ಕ್ರೋಢೀಕರಿಸುವಾಗ ಭೂಬಳಕೆಯ ಯೋಜನೆ ಹಾಗೂ ನೀರು ಮುಂತಾದ ಸಂಪನ್ಮೂಲಗಳ ಹಂಚಿಕೆಯನ್ನು ಗಮನದಲ್ಲಿ ಇರಿಸಿಕೊಳ್ಳಬೇಕು. ಕೆಳಗಿನಿಂದ ನಕಾಶೆಗಳು ಹೋಗದಿದ್ದರೆ ಮೇಲಿನ ಸಮಿತಿಗೆ ಜೋಡಿಸಲು ಏನೂ ಇರುವುದಿಲ್ಲ.

ಮನೆ ಕಟ್ಟುವುದು ಒಂದು ಕುಟುಂಬ ತನ್ನ ಜೀವನದಲ್ಲಿ ಕೈಗೊಳ್ಳುವ ಅತಿ ದೊಡ್ಡ ಕೆಲಸ. ಅದು ತಪ್ಪು ಜಾಗದಲ್ಲಿ ನಡೆದರೆ ತಿದ್ದಲು ಒಂದು ತಲೆಮಾರು ಸಾಲದು. ಹಳ್ಳ, ಹೊಲಗಾಲುವೆ, ಬಂಡಿದಾರಿ, ಸ್ಮಶಾನಗಳನ್ನು ಗುರುತಿಸಿದ ಒಂದು ಸರಳ ನಕಾಶೆಗೆ ದೊಡ್ಡ ಅನುದಾನ ಬೇಕಿಲ್ಲ. ಕೆಲವು ದಿನಗಳ ಕ್ಷೇತ್ರ ಸಂಚಾರ, ಗ್ರಾಮಸಭೆಯ ಒಪ್ಪಿಗೆ ಮತ್ತು ಅದನ್ನು ಪಾಲಿಸುವ ದೃಢತೆ ಸಾಕು. ಪ್ರತಿ ಗ್ರಾಮ ಪಂಚಾಯತಿಯೂ ಮುಂಬರುವ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ, ಮುಂದಿನ ನಿವೇಶನದ ಕಲ್ಲು ನೆಡುವ ಮೊದಲೇ ಈ ಕೆಲಸ ಮುಗಿಸುವುದು ಅಪೇಕ್ಷಣೀಯ.